ಧಡ್ ಧಡ್ ಅನ್ನಿಸುವ ಮುನ್ನ ಒಮ್ಮೆ 'ಓಮ್' ಅನ್ನಿ!

ಅಭಿಮಾನಿ ಮಿತ್ರರೇ, ನಿಮ್ಮ ಮೆಚ್ಚಿನ ನಾಯಕನ ಸಿನಿಮಾ ಬಿಡುಗಡೆಯಾಗುವ ದಿನ ನೀವು ಏನೇನು ಮಾಡುತ್ತೀರಿ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಕಟೌಟಿಗೆ ಆಳೆತ್ತರದ ಹಾರ, ಹಾಲಿನ ಅಭಿಷೇಕ, ಪಟಾಕಿ, ತಮಟೆ, ಈಡುಗಾಯಿ... ಈಗ ಆ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಅದೇ ಡಿಕ್ಕಿ ತೆರೆದ ಕಾರು! ಡಿಕ್ಕಿಯೊಳಗೆ ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಊಟದ ತಟ್ಟೆಯಗಲದ ಎರಡು ಸ್ಪೀಕರು. ಹಾಡು ಶುರುವಾದರೆ ಸಾಕು, ಎದುರಿನ ಟೀ ಅಂಗಡಿಯ ಗಾಜಿನ ಲೋಟಗಳು ತಮ್ಮಷ್ಟಕ್ಕೆ ತಾವೇ ತಾಳ ಹಾಕುತ್ತವೆ.

ನಾನು ಅದನ್ನು ಬೈಯಲು ಬಂದವನಲ್ಲ. ನಂಜನಗೂಡಿನಲ್ಲಿ ಕಾರುಗಳಿಗೆ ವೈರಿಂಗ್ ಮಾಡಿ, ಸ್ಪೀಕರು ಕೂರಿಸಿ ಹೊಟ್ಟೆ ಹೊರೆಯುವವನು ನಾನು. ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು, ಬಸ್ಸು ಹೊರಡುವ ಮೊದಲೇ ಅರ್ಧ ಓದಿ ಮುಗಿಸುವವರ ಪೈಕಿಯವನು. ಎದೆ ನಡುಗಿಸುವ ಸದ್ದೆಂದರೆ ನನಗೂ ಪ್ರಾಣ. ಆದರೆ ಮೂವತ್ತು ಚಿಲ್ಲರೆ ವರ್ಷ ಈ ಕಸುಬು ಮಾಡಿದವನಾಗಿ ಒಂದು ಮಾತು ಹೇಳಲೇಬೇಕು. ಆ ಸದ್ದಿನ ಹಿಂದೆ ಒಂದು ಲೆಕ್ಕವಿದೆ. ಲೆಕ್ಕ ತಪ್ಪಿದರೆ ಸುಡುವುದು ಬರೀ ಸ್ಪೀಕರಲ್ಲ, ಮಿತ್ರರೇ!

ಮೈಕ್ ಸೆಟ್ಟೇ ನಮ್ಮ ಪಾಠಶಾಲೆ

ನಾನು ವಿದ್ಯೆ ಕಲಿತದ್ದು ಕಾಲೇಜಿನಲ್ಲಲ್ಲ, ಮೈಕ್ ಸೆಟ್ಟಿನಲ್ಲಿ. ರವಿಚಂದ್ರನ್–ಹಂಸಲೇಖ ಜೋಡಿಯ 'ಪ್ರೇಮಲೋಕ' ಬಂದದ್ದು 1987ರಲ್ಲಿ. ಆ ಕ್ಯಾಸೆಟ್ಟು ಊರೂರಿನ ಮದುವೆ ಚಪ್ಪರದಲ್ಲಿ ತಿರುಗುತ್ತಿದ್ದ ಕಾಲಕ್ಕೆ, ಟಿ. ನರಸೀಪುರದ ಕಡೆಯ ಒಬ್ಬ ಮೈಕ್ ಸೆಟ್ ಯಜಮಾನರ ಕೈಕೆಳಗೆ ಹುಡುಗನಾಗಿ ಸೇರಿಕೊಂಡೆ. ಗಾಡಿಗೆ ಹಾರನ್ ಏರಿಸೋದು, ಮರ ಹತ್ತಿ ಕಟ್ಟೋದು, ವೈರು ಎಳೆಯೋದು ನನ್ನ ಕೆಲಸ. ಸುತ್ತೂರು ಜಾತ್ರೆ, ಮುಡುಕುತೊರೆ ಜಾತ್ರೆ, ನಂಜನಗೂಡಿನಲ್ಲಿ ಐದು ತೇರು ಎಳೆಯುವ ದೊಡ್ಡ ಜಾತ್ರೆ... ಎಲ್ಲೆಲ್ಲಿ ಜನ ಸೇರುತ್ತಾರೋ ಅಲ್ಲೆಲ್ಲ ಹಾರನ್ನು, ಹಾರನ್ನಿದ್ದಲ್ಲೆಲ್ಲ ನಾನು.

ಯಜಮಾನರಿಗೆ ಇಂಗ್ಲಿಷ್ ಬಾರದು. ಆದರೆ ಆಂಪ್ಲಿಫೈಯರಿನ ಬೆನ್ನಿನಲ್ಲಿ ಬರೆದಿದ್ದ 4, 8, 16 ಎಂಬ ಅಂಕಿಗಳನ್ನು ಅವರು ದೇವರ ಹೆಸರಿನಂತೆ ಗೌರವಿಸುತ್ತಿದ್ದರು. ನಮ್ಮ ಹಾರನ್ನಿನ ಯೂನಿಟ್ಟುಗಳು 16 ಓಮಿನವು. ಒಂದೇ ಹಾರನ್ ಇದ್ದರೆ 16ರ ತಿರುಪಿಗೆ. ಎರಡು ಹಾರನ್ ಜೋಡಿಯಾಗಿ ಕಟ್ಟಿದರೆ 8ರ ತಿರುಪಿಗೆ. ನಾಲ್ಕಾದರೆ 4ಕ್ಕೆ. "ಅಣ್ಣ, ಎಂಟು ಹಾರನ್ ಕಟ್ಟಿದ್ರೆ?" ಅಂತ ಒಂದು ಸಲ ಕೇಳಿದೆ. ಅವರು ಬೀಡಿ ಆರಿಸಿ ಹೇಳಿದ್ದು ಇಷ್ಟು: "2ರ ತಿರುಪು ಎಲ್ಲಾದ್ರೂ ಕಾಣ್ತಾ ಅದಾ ನೋಡು ಮಗಾ. ಇಲ್ಲ ಅಂದ್ಮೇಲೆ ಅದು ನಮ್ದಲ್ಲ ಅಂತ ತಿಳ್ಕೋ."

ಅಷ್ಟೇ ಸ್ವಾಮಿ! ಇವತ್ತು ಕಾರಿನ ಸಬ್‌ವೂಫರಿನ ಬಗ್ಗೆ ನಾನು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿನಲ್ಲೇ ಇದೆ. ಆಂಪ್ಲಿಫೈಯರಿನ ಮೇಲೆ ಬರೆಯದ ಅಂಕಿ ನಮ್ಮದಲ್ಲ.

ಎಂಟು, ಹತ್ತು ಹಾರನ್ ಬೇಕಾದ ದೊಡ್ಡ ಜಾತ್ರೆಗಳಿಗೆ ಅವರು ಬೇರೆ ದಾರಿ ಹಿಡಿಯುತ್ತಿದ್ದರು. ಹಾರನ್ನಿಗೊಂದು ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿ 100 ವೋಲ್ಟ್ ಲೈನಿಗೆ ಕಟ್ಟುತ್ತಿದ್ದರು. ಆಗ ಓಮಿನ ಲೆಕ್ಕ ಬಿಟ್ಟು ವ್ಯಾಟಿನ ಲೆಕ್ಕ ಸಾಕು. ಎಲ್ಲ ಹಾರನ್ನಿನ ವ್ಯಾಟು ಕೂಡಿದರೆ ಆಂಪ್ಲಿಫೈಯರಿನ ವ್ಯಾಟು ಮೀರಬಾರದು. ಅವರ ಬಳಿ ಒಂದು ಹಳೆಯ ವಾಲ್ವ್ ಸೆಟ್ಟೂ ಇತ್ತು. ಅದರ ಸ್ವಭಾವ ಇನ್ನೊಂದು ಥರ. ಸದ್ದು ಓಡುತ್ತಿರುವಾಗ ಹಾರನ್ ಕಳಚಿದರೆ ಅದಕ್ಕೆ ಆಗದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುವ ಭಯ. ಟ್ರಾನ್ಸಿಸ್ಟರ್ ಸೆಟ್ಟಿಗೆ ಹಾರನ್ ಕಳಚಿದರೆ ಏನೂ ಚಿಂತೆಯಿಲ್ಲ, ಎರಡು ವೈರು ಒಂದಕ್ಕೊಂದು ತಾಗಿದರೆ ಕಥೆ ಮುಗಿಯಿತು. "ಒಂದಕ್ಕೆ ಹಸಿವು ಆಗಲ್ಲ, ಒಂದಕ್ಕೆ ಅಜೀರ್ಣ ಆಗಲ್ಲ" ಅನ್ನುತ್ತಿದ್ದರು ಯಜಮಾನರು. ನಿಮ್ಮ ಕಾರಿನಲ್ಲಿರುವುದು ಎರಡನೆಯ ಜಾತಿ. ಅದಕ್ಕೆ ಅಜೀರ್ಣವಾಗಬಾರದು.

'ಓಂ' ಅಲ್ಲ, ಓಮ್!

ನನ್ನ ಅಂಗಡಿಗೆ ಬರುವ ಹುಡುಗರಿಗೆ ಓಮ್ ಅಂದ ತಕ್ಷಣ ಶಿವಣ್ಣ ನೆನಪಾಗುತ್ತಾರೆ. ತಪ್ಪೇನಿಲ್ಲ. ಉಪೇಂದ್ರ ನಿರ್ದೇಶನದ 'ಓಂ' 1995ರಲ್ಲಿ ಬಂದು, ಮತ್ತೆ ಮತ್ತೆ ಬಿಡುಗಡೆಯಾಗಿ, ಅಪ್ಪ ನೋಡಿದ್ದನ್ನು ಮಗನೂ ಟಾಕೀಸಿನಲ್ಲೇ ನೋಡುವ ಹಾಗೆ ಮಾಡಿದ ಚಿತ್ರ. ಆದರೆ ನಾನು ಹೇಳುವ ಓಮ್ ಬೇರೆ. ಜರ್ಮನಿಯಲ್ಲಿ ಜಾರ್ಜ್ ಸೈಮನ್ ಓಮ್ ಅಂತ ಒಬ್ಬ ಮೇಷ್ಟ್ರು ಇದ್ದರು. ವಿದ್ಯುತ್ತು ತಂತಿಯಲ್ಲಿ ಎಷ್ಟು ಹರಿಯುತ್ತೆ, ಅದನ್ನು ತಡೆಯೋದು ಏನು ಅನ್ನುವ ಲೆಕ್ಕವನ್ನು ಅವರು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತಡೆಯ ಅಳತೆಗೆ ಇವತ್ತಿಗೂ ಅವರದೇ ಹೆಸರು.

ನಮ್ಮ ಭತ್ತದ ಸೀಮೆಯವರಿಗೆ ಇದನ್ನು ಹೇಳಿಕೊಡೋದು ಬಲು ಸುಲಭ. ನಾಲೆಯಲ್ಲಿ ನೀರಿದೆ. ನೀರಿನ ಒತ್ತಡವೇ ವೋಲ್ಟು. ಪೈಪಿನಲ್ಲಿ ಹರಿದು ಹೋಗುವ ನೀರೇ ಆಂಪಿಯರು. ಪೈಪು ಎಷ್ಟು ಕಿರಿದು ಅನ್ನೋದೇ ಓಮು. ಕಿರಿದಾದಷ್ಟೂ ಓಮ್ ಜಾಸ್ತಿ, ನೀರು ಕಡಿಮೆ. ಈಗ ಒಂದು ಪೈಪಿನ ಪಕ್ಕ ಅಂಥದ್ದೇ ಇನ್ನೊಂದು ಪೈಪು ಹಾಕಿ. ಒಟ್ಟು ನೀರು ಎರಡರಷ್ಟು ಹೋಯಿತು, ಅಂದರೆ ತಡೆ ಅರ್ಧಕ್ಕೆ ಇಳಿಯಿತು. ಇದೇ ಪ್ಯಾರಲಲ್. 4 ಓಮಿನ ಎರಡು ಸ್ಪೀಕರು ಹೀಗೆ ಕಟ್ಟಿದರೆ 2 ಓಮ್. ಅದೇ ಒಂದು ಪೈಪಿನ ಬಾಲಕ್ಕೆ ಇನ್ನೊಂದನ್ನು ಜೋಡಿಸಿದರೆ? ದಾರಿ ಉದ್ದವಾಯಿತು, ತಡೆ ಹೆಚ್ಚಾಯಿತು. ಇದು ಸೀರೀಸ್. 4 ಮತ್ತು 4 ಕೂಡಿ 8 ಓಮ್.

ಇಲ್ಲೇ ಹುಡುಗರು ಎಡವೋದು. "ಸ್ಪೀಕರ್ ಜಾಸ್ತಿ ಆದ್ರೆ ತಡೆ ಜಾಸ್ತಿ ಆಗ್ಬೇಕಲ್ವಾ ಅಣ್ಣ?" ಅಂತಾರೆ. ಇಲ್ಲಪ್ಪ! ಪ್ಯಾರಲಲ್ ಕಟ್ಟಿದರೆ ಸ್ಪೀಕರ್ ಹೆಚ್ಚಿದಷ್ಟೂ ಓಮ್ ಇಳಿಯುತ್ತೆ, ಆಂಪ್ಲಿಫೈಯರ್ ಮೇಲಿನ ಹೊರೆ ಏರುತ್ತೆ. ಒಂದೇ ಏರಿಗೆ ಹತ್ತು ತೂಬು ತೆಗೆದರೆ ಏರಿ ನಿಲ್ಲುತ್ತದೆಯೇ? ಕೊಟ್ಟಿದ್ದೆಲ್ಲ ಕುಡಿದು ಅರಗಿಸಿಕೊಳ್ಳೋಕೆ ಆಂಪ್ಲಿಫೈಯರ್ ಏನು ನಮ್ಮ ನಂಜುಂಡೇಶ್ವರನೇ?

ಬಂದ ನೋಡಿ ನಮ್ಮ ಹೀರೋ

ಕೆಲವು ವರ್ಷಗಳ ಹಿಂದಿನ ಮಾತು. ನರಸೀಪುರದ ಕಡೆಯ ಹಳ್ಳಿಯ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದ. ಹೆಸರು ಬೇಡ, ಹೀರೋ ಅಂತಲೇ ಕರೆಯೋಣ. ತಾಂಡವಪುರದ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಕೂಡಿಟ್ಟ ದುಡ್ಡಿನಲ್ಲಿ ಒಂದು ಹಳೆಯ ಚಿಕ್ಕ ಕಾರು ಕೊಂಡಿದ್ದ. ಹಿಂದಿನ ಗಾಜಿನ ತುಂಬ ಅವನ ನೆಚ್ಚಿನ ನಟನ ಚಿತ್ರ. ಡಿಕ್ಕಿಯಲ್ಲಿ ಹೊಸದಾಗಿ ತಂದ ಎರಡು 12 ಇಂಚಿನ ಸಬ್‌ವೂಫರ್, ಒಂದು ಮಾನೋ ಆಂಪ್ಲಿಫೈಯರ್. ಮುಂದಿನ ವಾರ ಸಿನಿಮಾ ಬಿಡುಗಡೆ. "ಅಣ್ಣ, ಟಾಕೀಸ್ ಮುಂದೆ ನಿಲ್ಸಿದ್ರೆ ಕಟೌಟೇ ಕುಣೀಬೇಕು" ಅಂದ.

ನಾನು ಮೊದಲು ಸ್ಪೀಕರಿನ ಬೆನ್ನು ನೋಡಿದೆ. ಒಂದೊಂದಕ್ಕೂ ಎರಡೆರಡು ಕಾಯಿಲು, ಒಂದೊಂದು ಕಾಯಿಲೂ 4 ಓಮ್. ಒಟ್ಟು ನಾಲ್ಕು ಕಾಯಿಲು. ಆಮೇಲೆ ಆಂಪ್ಲಿಫೈಯರ್ ನೋಡಿದೆ. 4 ಓಮಿಗೆ 350 ವ್ಯಾಟ್, 2 ಓಮಿಗೆ 600 ವ್ಯಾಟ್, ಅಲ್ಲಿಗೆ ಮುಗಿಯಿತು. 1 ಓಮಿನ ಸುದ್ದಿಯೇ ಇಲ್ಲ.

ಈಗ ಲೆಕ್ಕ ನೋಡಿ. ನಾಲ್ಕೂ ಕಾಯಿಲು ಪ್ಯಾರಲಲ್ ಕಟ್ಟಿದರೆ 1 ಓಮ್. ನಾಲ್ಕನ್ನೂ ಸೀರೀಸ್ ಕಟ್ಟಿದರೆ 16 ಓಮ್. ಒಂದೊಂದು ಸ್ಪೀಕರಿನ ಎರಡು ಕಾಯಿಲು ಸೀರೀಸ್ ಮಾಡಿ 8 ಮಾಡಿಕೊಂಡು, ಆ ಎರಡು ಸ್ಪೀಕರುಗಳನ್ನು ಪ್ಯಾರಲಲ್ ಮಾಡಿದರೆ 4 ಓಮ್. ಈ ನಾಲ್ಕು ಕಾಯಿಲಿಗೂ ಸಮಪಾಲು ಕೊಟ್ಟು ಹೇಗೆ ಕಟ್ಟಿದರೂ 2 ಓಮ್ ಬರೋದೇ ಇಲ್ಲ! ಕೊಳ್ಳುವ ಮೊದಲೇ ಕಾಯಿಲು 2 ಓಮಿನ ಸ್ಪೀಕರು ಆರಿಸಿದ್ದರೆ ಬರುತ್ತಿತ್ತು. ಒಂದೊಂದರ ಎರಡು ಕಾಯಿಲು ಸೀರೀಸ್ ಮಾಡಿದರೆ 4, ಎರಡು ಸ್ಪೀಕರ್ ಪ್ಯಾರಲಲ್ ಮಾಡಿದರೆ 2. ಅದಕ್ಕೇ ಹೇಳೋದು, ಆಂಪ್ಲಿಫೈಯರೂ ಸ್ಪೀಕರೂ ಮದುವೆ ಇದ್ದ ಹಾಗೆ. ಜಾತಕ ಕೂಡಿಸಿ ಆಮೇಲೆ ದುಡ್ಡು ಕೊಡಬೇಕು.

"4 ಓಮಿಗೆ ಕಟ್ತೀನಿ ಮಗಾ, ಆರಾಮಾಗಿ ಓಡುತ್ತೆ" ಅಂದೆ.

ಅವನ ಮುಖ ಸಪ್ಪಗಾಯಿತು. "350 ಅಷ್ಟೇನಾ? 1 ಓಮಿಗೆ ಕಟ್ಟಿದ್ರೆ ಸಾವಿರ ಬರುತ್ತಂತಲ್ಲ ಅಣ್ಣ?"

"ಬರೋದು ಹೊಗೆ ಕಣಪ್ಪ."

"ನೀವು ಹಳೇ ಕಾಲದವ್ರು ಬಿಡಿ ಅಣ್ಣ" ಅಂತ ನಕ್ಕು, ಪೆಟ್ಟಿಗೆ ಏರಿಸಿಕೊಂಡು ಹೊರಟೇಬಿಟ್ಟ. ನನ್ನ ವಿಸಿಟಿಂಗ್ ಕಾರ್ಡು ಅವನ ಜೇಬಿನಲ್ಲೇ ಉಳಿಯಿತು. ಅದು ಉಳಿದದ್ದೇ ಒಳ್ಳೆಯದಾಯಿತು ಅನ್ನೋದು ಮುಂದೆ ತಿಳಿಯುತ್ತೆ.

ಎರಡು ಪಟ್ಟು ವ್ಯಾಟು, ಎರಡು ಪಟ್ಟು ಸದ್ದಲ್ಲ

ನಮ್ಮ ಹುಡುಗರನ್ನು ಕೆಡಿಸುವುದೇ ಈ ವ್ಯಾಟಿನ ಮೋಹ. ಒಂದು ಗುಟ್ಟು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ವ್ಯಾಟು ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಅದು 'ಒಂಚೂರು ಜಾಸ್ತಿ ಆಯ್ತೇನೋ' ಅನ್ನಿಸುವಷ್ಟು. ಕೇಳುವವನಿಗೆ ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ವ್ಯಾಟು ಹತ್ತು ಪಟ್ಟು ಬೇಕು! ಅಂದರೆ 350ಕ್ಕೂ 600ಕ್ಕೂ ನಡುವೆ ಟಾಕೀಸಿನ ಮುಂದೆ ನಿಂತ ಜನಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಅದಕ್ಕಿಂತ ಸ್ಪೀಕರಿನ ಪೆಟ್ಟಿಗೆ ಸರಿಯಾದ ಅಳತೆಗಿದ್ದು, ಗಾಳಿ ಸೋರದೆ ಗಟ್ಟಿಯಾಗಿದ್ದರೆ ಹೆಚ್ಚು ಲಾಭ. ಎರಡು ಸ್ಪೀಕರಿನಲ್ಲಿ ಒಂದರ ಪ್ಲಸ್ಸು–ಮೈನಸ್ಸು ತಿರುಗುಮುರುಗಾಗಿದ್ದರಂತೂ ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತೆ. ಇಬ್ಬರು ಹೀರೋಗಳು ಒಂದೇ ಡೈಲಾಗನ್ನು ಒಬ್ಬರ ಮೇಲೊಬ್ಬರು ಹೇಳಿದ ಹಾಗೆ, ಬೇಸೇ ಕೇಳುವುದಿಲ್ಲ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ ನೋಡಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದಾಗ ಕೋನು ಮುಂದಕ್ಕೆ ಬಂದರೆ ಸರಿ.

ಇನ್ನು ಬ್ಯಾಟರಿಯ ಕಡೆಯ ಲೆಕ್ಕ. ಒಳ್ಳೆಯ ಕ್ಲಾಸ್ ಡಿ ಆಂಪ್ಲಿಫೈಯರ್ ನೂರು ತಿಂದು ಸುಮಾರು ಎಂಬತ್ತು ಕೊಡುತ್ತೆ, ಉಳಿದದ್ದು ಬಿಸಿ. 600 ವ್ಯಾಟ್ ಕೊಡಲು ಅದು 750 ತಿನ್ನಬೇಕು. ಕಾರಿನ 13 ವೋಲ್ಟಿನಿಂದ ಭಾಗಿಸಿದರೆ ಸುಮಾರು 58 ಆಂಪಿಯರ್. ಸಾವಿರ ವ್ಯಾಟಿನ ಆಸೆಗೆ ಬಿದ್ದರೆ 96 ಆಂಪಿಯರ್! ಚಿಕ್ಕ ಕಾರಿನ ಆಲ್ಟರ್ನೇಟರು ಎಲ್ಲ ಸೇರಿ ಕೊಡೋದೇ ಸುಮಾರು 50ರಿಂದ 70. ಅದರಲ್ಲೇ ಹೆಡ್‌ಲೈಟು, ಫ್ಯಾನು, ವೈಪರು ಎಲ್ಲ ಬದುಕಬೇಕು. ಹೆಡ್‌ಲೈಟು ಬೇಸಿನ ತಾಳಕ್ಕೆ ಮಿಣುಕುತ್ತಿದೆ ಅಂದರೆ ಅದು ಡಿಸ್ಕೋ ಅಲ್ಲ, ಕಾರು ಅಳುತ್ತಿದೆ ಅಂತ ಅರ್ಥ.

ಕಾಲಡಿಯ ಒಲೆ

ಹೀರೋ ಬೇರೆ ಕಡೆ ಹೋದ. ಅಲ್ಲಿ 1 ಓಮಿಗೇ ಕಟ್ಟಿಕೊಟ್ಟರು. ಹಾಕಿದ ವೈರು ಹೊರಗೆ ಬೆರಳು ದಪ್ಪ, ಒಳಗೆ ತಾಮ್ರದ ಲೇಪ ಬಳಿದ ಅಲ್ಯೂಮಿನಿಯಮ್ಮಿನ ಒಂದಿಷ್ಟು ಎಳೆ. ಅದನ್ನು ಎಂಜಿನ್ನಿನ ಕಡೆಯಿಂದ ಒಳಕ್ಕೆ ತರುವಾಗ ತಗಡಿಗೆ ತೂತು ಕೊರೆದು ಹಾಗೇ ತೂರಿಸಿದ್ದರು, ರಬ್ಬರಿನ ಬುಷ್ ಇಲ್ಲ. ಬೇಸ್ ಏರಿಸಿದಾಗೆಲ್ಲ ಫ್ಯೂಸ್ ಹೋಗುತ್ತಿತ್ತು. ಎರಡು ಸಲ ಬದಲಾಯಿಸಿದರಂತೆ. ಮೂರನೇ ಸಲಕ್ಕೆ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಿ, "ಇನ್ನು ಹೋಗಲ್ಲ ಬಿಡು" ಅಂದರಂತೆ.

ಹೌದು, ಫ್ಯೂಸು ಮತ್ತೆ ಹೋಗಲಿಲ್ಲ. ಅದೇ ಬಂದ ಅನಾಹುತ!

ಸಿನಿಮಾ ಬಂತು, ಹೋಯಿತು. ಟಾಕೀಸಿನ ಮುಂದೆ ಹೀರೋ ಮೆರೆದದ್ದೂ ಆಯಿತು. ಚಳಿಗಾಲದಲ್ಲಿ ಸುತ್ತೂರು ಜಾತ್ರೆಗೆ ಅವ್ವ, ಅಕ್ಕ, ಅಕ್ಕನ ನಾಲ್ಕು ವರ್ಷದ ಮಗಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದ. ರಾತ್ರಿ ವಾಪಸು ನರಸೀಪುರದ ದಿಕ್ಕಿಗೆ ಬರುತ್ತಿದ್ದಾರೆ. ಎರಡೂ ಕಡೆ ಗದ್ದೆ, ರಸ್ತೆ ಖಾಲಿ. ಹಾಡು ಜೋರು. ಮುಂದಿನ ಸೀಟಿನಲ್ಲಿ ಕೂತ ಅವ್ವ ಹೇಳಿದರಂತೆ, "ಲೋ ಮಗಾ, ಕಾಲಡಿ ಒಲೆ ಮಡಗ್ದಂಗೆ ಕಾಯ್ತಾ ಅದೆ ಕಣೋ."

"ಎಂಜಿನ್ ಬಿಸಿ ಕಣವ್ವ" ಅಂದನಂತೆ ಹೀರೋ.

ಮತ್ತೆರಡು ನಿಮಿಷ. ಕಾರ್ಪೆಟ್ಟಿನಿಂದ ಹೊಗೆ. ಸುಟ್ಟ ಪ್ಲಾಸ್ಟಿಕ್ಕಿನ ಆ ವಾಸನೆ, ಒಂದು ಸಲ ಮೂಗಿಗೆ ಬಡಿದರೆ ಸಾಯೋವರೆಗೂ ಮರೆಯದು. ಗಾಡಿ ನಿಲ್ಲಿಸಿದ. ಹಿಂದಿನ ಬಾಗಿಲಿಗೆ ಮಕ್ಕಳ ಲಾಕು ಬಿದ್ದಿತ್ತು, ಒಳಗಿಂದ ತೆರೆಯದು. ಇಳಿದು ಓಡಿಹೋಗಿ ಹೊರಗಿಂದ ತೆಗೆದು ಅಕ್ಕನನ್ನೂ ಮಗುವನ್ನೂ ಎಳೆದುಕೊಂಡ. ಕೀಲಿ ತೆಗೆದ, ಹಾಡು ನಿಂತಿತು. ಹೊಗೆ ನಿಲ್ಲಲಿಲ್ಲ! ಆ ವೈರು ನೇರ ಬ್ಯಾಟರಿಯಿಂದ ಬಂದದ್ದು, ಕೀಲಿಗೆ ಅದು ಬಗ್ಗುವುದಿಲ್ಲ. ತಗಡಿನ ಅಂಚು ವೈರಿನ ತೊಗಲು ಕೊರೆದು ಬಾಡಿಗೆ ತಾಗಿಬಿಟ್ಟಿತ್ತು. ಬ್ಯಾಟರಿ ತನ್ನಲ್ಲಿದ್ದುದನ್ನೆಲ್ಲ ಆ ವೈರಿಗೆ ಸುರಿಯುತ್ತಿತ್ತು.

ಆಗ ಅವನಿಗೆ ಜೇಬಿನ ಕಾರ್ಡು ನೆನಪಾಯಿತು. ರಾತ್ರಿ ಹತ್ತೂವರೆಗೆ ನನ್ನ ಫೋನು ಬಡಿದುಕೊಂಡಿತು. "ಅಣ್ಣಾ, ಹೊಗೆ! ಏನ್ಮಾಡ್ಲಿ ಅಣ್ಣಾ!"

"ಎಲ್ರೂ ಇಳಿದ್ರಾ?"

"ಇಳಿದವ್ರೆ."

"ಬೆಂಕಿ ಕಾಣ್ತಾ ಇದ್ಯಾ?"

"ಇಲ್ಲ, ಬರೀ ಹೊಗೆ."

"ಹಾಗಿದ್ರೆ ಬಾನೆಟ್ ಎತ್ತು. ಉರಿ ಕಂಡ್ರೆ ಬಿಟ್ಟು ದೂರ ಓಡು, ಕಾರು ಹೋದ್ರೆ ಹೋಗ್ಲಿ. ಉರಿ ಇಲ್ಲ ಅಂದ್ರೆ ಬ್ಯಾಟರಿಯ ಮೈನಸ್ ತೆಗಿ. ಮೈನಸ್ಸೇ ಮೊದ್ಲು! 10 ನಂಬರ್ ಸ್ಪ್ಯಾನರ್ ಅದಾ?"

ಅರೆಗಳಿಗೆ ಮಾತಿಲ್ಲ. ಆಮೇಲೆ ಅಳುವ ದನಿಯಲ್ಲಿ, "ಇಲ್ಲ ಅಣ್ಣಾ..."

ಸಾವಿರ ವ್ಯಾಟಿನ ಕನಸಿಗೆ ಕೂಡಿಟ್ಟ ದುಡ್ಡೆಲ್ಲ ಸುರಿದವನ ಬಳಿ ಒಂದು ಸ್ಪ್ಯಾನರು ಇರಲಿಲ್ಲ. ನಂಜುಂಡಪ್ಪನ ದಯೆ, ಹಿಂದೆಯೇ ಕಬ್ಬಿನ ಟ್ರ್ಯಾಕ್ಟರ್ ಒಂದು ಬಂತು. ಆ ಚಾಲಕ ತನ್ನ ಡಬ್ಬಿಯಿಂದ ಸ್ಪ್ಯಾನರ್ ತೆಗೆದು ಮೈನಸ್ ಕಳಚಿದ ಮೇಲೆ ಹೊಗೆ ಅಡಗಿತು. ಕಾರ್ಪೆಟ್ಟು, ಕೆಳಗಿನ ಸ್ಪಂಜು, ಅವ್ವನ ಚಪ್ಪಲಿಯ ಅಟ್ಟೆ ಸುಟ್ಟಿದ್ದವು. ಅವ್ವನ ಎಡ ಪಾದದಲ್ಲಿ ರೂಪಾಯಿಯಗಲದ ಬೊಬ್ಬೆ. ಮಗುವಿಗೆ ಏನೂ ಆಗಿರಲಿಲ್ಲ. ಪೆಟ್ರೋಲಿನ ಪೈಪು ಆ ವೈರಿನ ದಾರಿಯಲ್ಲಿರಲಿಲ್ಲ, ಅಷ್ಟೇ. ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ, ಬರೆಯುವ ಮನಸ್ಸೂ ಇರುತ್ತಿರಲಿಲ್ಲ.

'12 ವೋಲ್ಟ್ ತಾನೇ?'

ಮಾರನೆಯ ದಿನ ಹೀರೋ ಕಾರು ಎಳೆಸಿಕೊಂಡು ಬಂದು ಕೇಳಿದ ಮೊದಲ ಪ್ರಶ್ನೆ ಇದು: "12 ವೋಲ್ಟ್ ತಾನೇ ಅಣ್ಣ, ಮುಟ್ಟಿದ್ರೆ ಶಾಕ್ ಕೂಡ ಹೊಡೆಯಲ್ಲ. ಅದು ಹೆಂಗೆ ಸುಡ್ತು?"

ಶಾಕ್ ಹೊಡೆಯೋದು ವೋಲ್ಟು, ಸುಡೋದು ಆಂಪಿಯರು. ಕಾರು ಸ್ಟಾರ್ಟ್ ಮಾಡುವಾಗ ಇದೇ ಬ್ಯಾಟರಿ ನೂರಕ್ಕೂ ಮಿಕ್ಕಿ ಆಂಪಿಯರ್ ಕೊಡುತ್ತೆ. ಅಷ್ಟು ವಿದ್ಯುತ್ತು ಸಣ್ಣ ವೈರಿನಲ್ಲಿ ಹರಿದರೆ ವೈರೇ ಹೀಟರಿನ ಸುರುಳಿ. ಫ್ಯೂಸ್ ಇರೋದು ಆಂಪ್ಲಿಫೈಯರ್ ಕಾಯೋಕೆ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ! ಬ್ಯಾಟರಿಯ ಪಕ್ಕದ ಫ್ಯೂಸು ಕಾಯುವುದು ವೈರನ್ನು, ವೈರಿನ ಪಕ್ಕ ಕೂತ ಅವ್ವನನ್ನು. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದೆ ಅಂದರೆ ಅದು ಕೆಟ್ಟಿದೆ ಅಂತಲ್ಲ, ಅದು ಏನನ್ನೋ ಹೇಳುತ್ತಿದೆ ಅಂತ.

ಸಿನಿಮಾ ಪ್ರಿಯರಾದ ನಮಗೆ ಈ ಪಾಠ ಹೊಸದಾಗಬಾರದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 'ಬಾರ್ಡರ್' ಓಡುತ್ತಿತ್ತು. ಕೆಳಗೆ ಕಾರು ನಿಲ್ಲಿಸುವ ಕಡೆ ಇದ್ದ ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಕೇಬಲ್ಲಿನ ಜೋಡಣೆ ಸಡಿಲವಾಗಿ ಕಿಡಿ ಹಾರಿತು. ಹೊಗೆ ಮೇಲಕ್ಕೆ ಏರಿತು. ಸಿನಿಮಾ ನೋಡಲು ಹೋದ 59 ಜನ ಮನೆಗೆ ಬರಲಿಲ್ಲ. ನಮ್ಮ ಮೈಸೂರಿನಲ್ಲೇ 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ತೀರಿಕೊಂಡರು. ಪರದೆಯ ಮೇಲಿನ ಬೆಂಕಿಗೆ ನಾವು ಶಿಳ್ಳೆ ಹೊಡೆಯುತ್ತೇವೆ. ನಿಜವಾದ ಬೆಂಕಿಗೆ ಕಟ್ ಹೇಳುವ ನಿರ್ದೇಶಕ ಇರುವುದಿಲ್ಲ.

ಮತ್ತೆ ಕಟ್ಟಿದ್ದು ಹೀಗೆ

ಅದೇ ಕಾರು, ಅವೇ ಸ್ಪೀಕರು. ಆಂಪ್ಲಿಫೈಯರ್ ಮಾತ್ರ ಒಳಗೆ ಸುಟ್ಟಿತ್ತು, ಅದೇ ಅಳತೆಯ ಇನ್ನೊಂದು ತಂದ. ಬಿಚ್ಚುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೂ ತೋರಿಸಿದೆ. ನೀವೂ ಕೇಳಿಸಿಕೊಳ್ಳಿ.

ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಕಳಚಬೇಕು. ಎಲ್ಲ ಮುಗಿದ ಮೇಲೆ ಕೊನೆಗೆ ಮೈನಸ್ ಹಾಕಬೇಕು. ಪ್ಲಸ್ ವೈರಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸು. ಅದರಾಚೆ ಎಲ್ಲಿ ವೈರು ಕಡಿದು ತಾಗಿದರೂ ಫ್ಯೂಸೇ ಸಾಯಬೇಕು, ಕಾರಲ್ಲ. ಅವನ ಕಾರಿಗೆ ನಾನು ಹಾಕಿದ್ದು ಅಸಲು ತಾಮ್ರದ 4 ಗೇಜ್ ವೈರು, 60 ಆಂಪಿಯರ್ ಫ್ಯೂಸು. ತಗಡು ದಾಟುವ ಕಡೆ ರಬ್ಬರ್ ಬುಷ್, ಒಳಗೆ ಕೊಳವೆಯ ಕವಚ. ನೆಲದ ವೈರು ಅಂದರೆ ಅರ್ತು, ಅದೂ ಪ್ಲಸ್ಸಿನಷ್ಟೇ ದಪ್ಪ. ಬಾಡಿಯ ಬಣ್ಣ ಕೆರೆದು ಹೊಳೆಯುವ ತಗಡಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಬಣ್ಣದ ಮೇಲೆ ಬಿಗಿದರೆ ಅಲ್ಲೂ ಬಿಸಿ, ಹಾಡಿನಲ್ಲಿ ಗುಂಯ್ ಅನ್ನುವ ಸದ್ದು ಬೇರೆ. ಆಡಿಯೋ ವೈರು ಒಂದು ಪಕ್ಕ, ಪವರ್ ವೈರು ಇನ್ನೊಂದು ಪಕ್ಕ ಹೋಗಲಿ.

ನಾಲ್ಕು ಕಾಯಿಲು 4 ಓಮಿಗೆ ಕಟ್ಟಿದ ಮೇಲೆ ಆಂಪ್ಲಿಫೈಯರಿಗೆ ಜೋಡಿಸುವ ಮೊದಲು ಮೀಟರ್ ಹಿಡಿದೆ. 3.4 ತೋರಿಸಿತು. "ಅಣ್ಣ, 4 ಬರಲಿಲ್ಲ!" ಅಂತ ಹೀರೋ ಗಾಬರಿಯಾದ. ಮೀಟರು ಅಳೆಯುವುದು ನಿಂತ ತಂತಿಯ ತಡೆ. ಅದು ಬರೆದ ಅಂಕಿಗಿಂತ ಸ್ವಲ್ಪ ಕಡಿಮೆಯೇ ಇರುತ್ತೆ. 3ರ ಮೇಲೆ ತೋರಿಸಿದರೆ ಅದು 4 ಓಮಿನ ಲೋಡು. 1ರ ಆಸುಪಾಸು ತೋರಿಸಿದ್ದರೆ ಎಲ್ಲೋ ಪ್ಯಾರಲಲ್ ಆಗಿಬಿಟ್ಟಿದೆ ಅಂತ ಅಲ್ಲೇ ಸಿಕ್ಕಿಬೀಳುತ್ತಿತ್ತು. ಈ ಒಂದು ನಿಮಿಷದ ಕೆಲಸ ಎಷ್ಟೋ ಆಂಪ್ಲಿಫೈಯರ್ ಉಳಿಸಿದೆ.

ಕೊನೆಗೆ ಗೇನ್. ಅದು ವಾಲ್ಯೂಮ್ ಅಲ್ಲ ಮಿತ್ರರೇ, ಸದ್ದು ಬೇಕು ಅಂತ ಪೂರ್ತಿ ತಿರುಗಿಸುವ ಗುಬಟವಲ್ಲ. ಸ್ಪೀಕರ್ ಬಿಚ್ಚಿಟ್ಟು, 50 ಹರ್ಟ್ಸಿನ ಟೋನ್ ಹಾಕಿ, ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಮೀಟರನ್ನು ಎಸಿ ವೋಲ್ಟಿಗೆ ಹಾಕಿ ಆಂಪ್ಲಿಫೈಯರಿನ ಔಟ್‌ಪುಟ್ ನೋಡಬೇಕು. 350 ವ್ಯಾಟನ್ನು 4 ಓಮಿನಿಂದ ಗುಣಿಸಿದರೆ 1400, ಅದರ ವರ್ಗಮೂಲ ಸುಮಾರು 37. ಮೀಟರು 37 ವೋಲ್ಟ್ ತೋರಿಸುವಲ್ಲಿಗೆ ಗೇನ್ ನಿಲ್ಲಿಸಬೇಕು. ಅದಕ್ಕಿಂತ ಏರಿಸಿದರೆ ಆಂಪ್ಲಿಫೈಯರಿಗೆ ಶಕ್ತಿ ಸಾಲದೆ ಅಲೆಯ ತಲೆ ಕತ್ತರಿಸಿ ಹೋಗುತ್ತೆ, ಕಾಯಿಲು ಕಾದು ಅಂಟು ಕರಗುತ್ತೆ. ಸ್ಪೀಕರು ಸುಡುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಎಲ್ಲ ಮುಗಿಸಿ ಹಾಡು ಹಾಕಿದೆ. 4 ಓಮ್, ಬರೀ 350 ವ್ಯಾಟ್. ನನ್ನ ಅಂಗಡಿಯ ಶಟರು ಗಡಗಡ ಅಂದಿತು! ಹೀರೋ ನನ್ನ ಮುಖ ನೋಡಿದ, ಮಾತಾಡಲಿಲ್ಲ. ದುಡ್ಡು ಕೊಟ್ಟು ಹೊರಟವನು ತಿರುಗಿ ಬಂದು, "ಅಣ್ಣ, 10 ನಂಬರ್ ಸ್ಪ್ಯಾನರ್ ಒಂದು ಇದ್ರೆ ಕೊಡಿ" ಅಂದ. ಕೊಟ್ಟೆ. ದುಡ್ಡು ಇಸ್ಕೊಳ್ಳಲಿಲ್ಲ.

ಕಿವಿಯೂ ಒಂದು ಸ್ಪೀಕರೇ

ಒಂದೆರಡು ಮಾತು ಉಳಿದಿವೆ. ಕೆಜಿಎಫ್ ಹಾಡು ಹಾಕಿ ಗಾಜು ಏರಿಸಿಕೊಂಡು ಮೈಸೂರಿನವರೆಗೆ ಹೋಗುವ ಹುಡುಗರಿದ್ದಾರೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು, ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಆ ಹೊತ್ತು ಅರ್ಧವಾಗುತ್ತೆ ಅನ್ನುವುದು ಬಲ್ಲವರ ಲೆಕ್ಕ. 100 ಡೆಸಿಬೆಲ್ಲಿಗೆ ಸಿಕ್ಕುವುದು ಕಾಲು ಗಂಟೆ. ಮುಚ್ಚಿದ ಕಾರಿನಲ್ಲಿ ಈ ಪೆಟ್ಟಿಗೆಗಳು 100 ದಾಟುವುದು ಕ್ಷಣದ ಕೆಲಸ. ಸ್ಪೀಕರ್ ಸುಟ್ಟರೆ ನನ್ನ ಅಂಗಡಿಯಲ್ಲಿ ಹೊಸ ಕೋನು ಸಿಕ್ಕುತ್ತೆ. ಕಿವಿಗೆ ಯಾವ ಅಂಗಡಿಯಲ್ಲೂ ಸಿಕ್ಕುವುದಿಲ್ಲ. ಇನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬೀದಿಯಲ್ಲಿ ಸದ್ದು ಮಾಡಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತೆ. ನಿಯಮ ಬಿಡಿ, ಪರೀಕ್ಷೆಗೆ ಓದುವ ಮಗು, ಜ್ವರದಲ್ಲಿ ಮಲಗಿದ ಅಜ್ಜಿ ಎಲ್ಲ ಬೀದಿಯಲ್ಲೂ ಇರುತ್ತಾರೆ.

ನಿಮ್ಮ ನಾಯಕನಿಗೆ ಬೇಕಾಗಿರುವುದು ನಿಮ್ಮ ಶಿಳ್ಳೆ, ನಿಮ್ಮ ಬೂದಿಯಲ್ಲ. ಮುಂದಿನ ಶುಕ್ರವಾರ ಡಿಕ್ಕಿ ತೆರೆಯಿರಿ, ಕುಣಿಯಿರಿ, ನಾನೂ ಬಂದು ಕುಣಿಯುತ್ತೇನೆ. ಆದರೆ ಅದಕ್ಕೆ ಮೊದಲು ಆಂಪ್ಲಿಫೈಯರಿನ ಬೆನ್ನು ಒಮ್ಮೆ ಓದಿ. ಅಲ್ಲಿ ಬರೆಯದ ಅಂಕಿ ನಮ್ಮದಲ್ಲ. ಫ್ಯೂಸ್ ಹೋದರೆ ಕಾರಣ ಹುಡುಕಿ, ತಂತಿ ಸುತ್ತಬೇಡಿ. ಮುಂದಿನ ಸೀಟಿನಲ್ಲಿ ಕೂತ ಅವ್ವ "ಕಾಲಡಿ ಬಿಸಿ" ಅಂದರೆ ಹಾಡು ನಿಲ್ಲಿಸಿ ಕೇಳಿ. ಯಾವ ಮೀಟರಿಗೂ ಅಷ್ಟು ಬೇಗ ಗೊತ್ತಾಗುವುದಿಲ್ಲ!